ನಾಣ್ಯಶಾಸ್ತ್ರಜ್ಞ ಎಕೆಲ್

ಇತಿಹಾಸವನ್ನು ತಿಳಿಸುವ ಸಾಧನಗಳಲ್ಲಿ ನಾಣ್ಯಗಳಿಗೆ ವಿಶಿಷ್ಟವಾದ ಸ್ಥಾನವುಂಟು. ಆದರೆ ಶತಮಾನಗಳ ಕಾಲ ಮಣ್ಣಿನಲ್ಲಿ ಹುದುಗಿ, ಕಿಲುಬು ಹಿಡಿದು, ಅಕ್ಷರಗಳು ಸವೆದುಹೋದ ಕಂಚಿನ ನಾಣ್ಯವು ತನ್ನ ಕಥೆಯನ್ನು ತಾನಾಗಿ ಹೇಳಲಾರದು. ಅದನ್ನು ಓದಿ ಅರಿಯುವ ವಿದ್ಯೆಗೆ ಶಾಸ್ತ್ರದ ಗೌರವವನ್ನು ತಂದುಕೊಟ್ಟ ವಿದ್ವಾಂಸನು ಜೋಸೆಫ್ ಹಿಲೇರಿಯಸ್ ಎಕೆಲ್.

ಎಕೆಲನು 1737ರಲ್ಲಿ ಆಸ್ಟ್ರಿಯ ದೇಶದ ಎಂಜೆಸ್‌ಫೆಲ್ಡ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆಯು ಒಬ್ಬ ಶ್ರೀಮಂತನ ಜಮೀನಿನ ಮೇಲ್ವಿಚಾರಕನಾಗಿದ್ದನು. ವಿಯೆನ್ನಾ ನಗರದ ಜೆಸ್ಯೂಟ್ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲಕನು ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಆ ಧಾರ್ಮಿಕ ಸಂಘವನ್ನು ಸೇರಿದನು. ಮುಂದೆ ಕಾವ್ಯ ಮತ್ತು ಅಲಂಕಾರಶಾಸ್ತ್ರಗಳ ಅಧ್ಯಾಪಕನಾದನು. 1772ರಲ್ಲಿ ವಿದ್ಯಾಲಯದ ನಾಣ್ಯಸಂಗ್ರಹದ ಹೊಣೆ ಅವನ ಪಾಲಿಗೆ ಬಂದಿತು. ಅದೇ ವರ್ಷ ಅವನು ಇಟಲಿಗೆ ತೆರಳಿದನು. ಫ್ಲಾರೆನ್ಸ್ ನಗರದಲ್ಲಿ ಟಸ್ಕನಿಯ ಅರಸನ ನಾಣ್ಯಗಳನ್ನು ಕ್ರಮಪಡಿಸಿಕೊಟ್ಟನು.

1773ರಲ್ಲಿ ಪೋಪರ ಆಜ್ಞೆಯಿಂದ ಜೆಸ್ಯೂಟ್ ಸಂಘವೇ ವಿಸರ್ಜಿತವಾಯಿತು. ಬಾಲ್ಯದಿಂದ ಆಶ್ರಯವಿತ್ತ ಮನೆಯೇ ಎಕೆಲನಿಗೆ ಇಲ್ಲವಾಯಿತು. ಆದರೆ ಕಲಿತ ವಿದ್ಯೆ ಅವನ ಕೈಬಿಡಲಿಲ್ಲ. ಸಾಮ್ರಾಜ್ಞಿ ಮರಿಯಾ ತೆರೇಸಾ ಅವನನ್ನು ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕನನ್ನಾಗಿಯೂ ರಾಜಮನೆತನದ ನಾಣ್ಯಭಂಡಾರದ ಪಾಲಕನನ್ನಾಗಿಯೂ ನೇಮಿಸಿದಳು.

ನಾಣ್ಯಗಳನ್ನು ಗುರುತಿಸುವುದು ಸುಲಭವಾದ ಕೆಲಸವಲ್ಲ. ರೋಮನ್ ಚಕ್ರವರ್ತಿಗಳ ಕಂಚಿನ ನಾಣ್ಯಗಳಲ್ಲಿ ಒಂದು ಮುಖದ ಮೇಲೆ ಸಾಮಾನ್ಯವಾಗಿ ಚಕ್ರವರ್ತಿಯ ಶಿರಸ್ಸೂ ಅದರ ಸುತ್ತ ಅವನ ಹೆಸರು ಬಿರುದುಗಳ ಸಂಕ್ಷಿಪ್ತ ಅಕ್ಷರಗಳೂ ಇರುತ್ತವೆ. ವೆಸ್ಪಾಸಿಯನ್ ಮತ್ತು ಅವನ ಮಗ ಟೈಟಸ್ ಇಬ್ಬರೂ ಚಕ್ರವರ್ತಿಗಳಾಗಿದ್ದರು; ಇಬ್ಬರ ನಾಣ್ಯಗಳಲ್ಲಿಯೂ ವೆಸ್ಪಾಸಿಯನ್ ಎಂಬ ಹೆಸರೇ ಇದೆ. ಇಬ್ಬರೂ ಎಂಟನೆಯ ಬಾರಿ ಕಾನ್ಸಲ್ ಪದವಿಯನ್ನು ವಹಿಸಿದ್ದರು. ತಂದೆ ಅದನ್ನು ವಹಿಸಿದ್ದು ಕ್ರಿ.ಶ. 77ರಲ್ಲಿ, ಮಗನು ಕ್ರಿ.ಶ. 80ರಲ್ಲಿ. ಮಗನ ಹೆಸರಿನಲ್ಲಿರುವ ‘ಟಿ’ ಎಂಬ ಒಂದೇ ಅಕ್ಷರ ಕಣ್ತಪ್ಪಿದರೆ ನಾಣ್ಯದ ಒಡೆಯನೂ ಕಾಲವೂ ತಪ್ಪಿಹೋಗುತ್ತವೆ! ಇದಲ್ಲದೆ ನಕಲಿಗಳ ಕಾಟವೂ ಇತ್ತು. ಹದಿನಾರನೆಯ ಶತಮಾನದಲ್ಲಿ ಪಡುವಾ ನಗರದ ಕವೀನೊ ಎಂಬ ಕುಶಲಿಯು ರೋಮನ್ ನಾಣ್ಯಗಳ ಅನುಕೃತಿಗಳನ್ನು ಬಹು ನೈಪುಣ್ಯದಿಂದ ತಯಾರಿಸಿದ್ದನು. ಆದುದರಿಂದ ಎಕೆಲನು ಹಿಂದಿನವರ ಬರಹಗಳನ್ನು ಪರೀಕ್ಷಿಸದೆ ನಂಬಲಿಲ್ಲ; ಸಂಶಯಾಸ್ಪದವಾದುದನ್ನು ನಿರ್ದಾಕ್ಷಿಣ್ಯವಾಗಿ ಬದಿಗಿಟ್ಟನು.

ಈ ಪರಿಶ್ರಮದ ಫಲವಾಗಿ 1779ರಲ್ಲಿ ವಿಯೆನ್ನಾ ಭಂಡಾರದ ನಾಣ್ಯಸೂಚಿ ಪ್ರಕಟವಾಯಿತು. ಅವನ ಮೇರುಕೃತಿಯಾದ ‘ಡಾಕ್ಟ್ರಿನಾ ನುಮೋರುಮ್ ವೆಟೆರುಮ್’ ಎಂಬ ಲ್ಯಾಟಿನ್ ಗ್ರಂಥವು 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಗ್ರೀಕ್ ನಗರಗಳ ನಾಣ್ಯಗಳನ್ನು ಪ್ರದೇಶಾನುಸಾರವಾಗಿಯೂ ರೋಮನ್ ಚಕ್ರವರ್ತಿಗಳ ನಾಣ್ಯಗಳನ್ನು ಕಾಲಾನುಕ್ರಮವಾಗಿಯೂ ಅವನು ಅದರಲ್ಲಿ ಜೋಡಿಸಿದನು. ಕೊನೆಯ ಸಂಪುಟ ಪ್ರಕಟವಾದ ವರ್ಷವೇ, 1798ರ ಮೇ ತಿಂಗಳಲ್ಲಿ, ಎಕೆಲನು ಕಾಲವಾದನು.

ಕೈಗೊಂಡ ಕಾರ್ಯವನ್ನು ಮುಗಿಸಿಯೇ ಕಣ್ಮುಚ್ಚಿದ ಧನ್ಯಜೀವಿ ಅವನು. ಚೂರು ಲೋಹವೆಂದು ಕಡೆಗಣಿಸದೆ, ಸವೆದ ಅಕ್ಷರವೊಂದರಲ್ಲಿಯೂ ಸತ್ಯವನ್ನರಸಿದ ಅವನ ತಾಳ್ಮೆ ವಿದ್ಯಾರ್ಥಿಗಳಿಗೆಲ್ಲ ಅನುಕರಣೀಯವಾದುದು.