ಯಾದಗಿರಿ ಸ್ಟೇಷನ್ನಿನಲ್ಲಿ ಸ್ಪ್ರೇಗ್

ಶಹಾಪುರ, ಸುರಪುರದ ಕಡೆಯವರಾದ ನಾವು ರೈಲು ಹತ್ತಬೇಕಂದ್ರೆ ಬಸ್ ಹಿಡಿದು ಯಾದಗಿರಿಗೇ ಬರಬೇಕು. ಆ ಮುಂಬೈ–ಚೆನ್ನೈ ಹಳಿಯ ಎರಡೂ ತುದಿಯಲ್ಲಿ ಒಂದು ಕಾಲಕ್ಕೆ ಕರೆಂಟಿನ ಟ್ರಾಮ್ ಓಡ್ತಿತ್ತು: ಮದ್ರಾಸಿನಲ್ಲಿ 1895ರಿಂದ 1953ರವರೆಗೆ, ಮುಂಬೈಯಲ್ಲಿ 1907ರಿಂದ 1964ರವರೆಗೆ. ಈಗ ಎರಡೂ ಇಲ್ಲ. ಆದ್ರೆ ಟ್ರಾಮಿಗೆ ದಾರಿ ಮಾಡಿಕೊಟ್ಟ ಎಂಜಿನಿಯರ್ ಫ್ರ್ಯಾಂಕ್ ಸ್ಪ್ರೇಗ್ ಅವರ ಕೆಲಸ ಇವತ್ತಿಗೂ ನಮ್ಮ ಸ್ಟೇಷನ್ ದಾಟಿ ಹೋಗ್ತಾ ಇದೆ.

ಸ್ಪ್ರೇಗ್ ಹುಟ್ಟಿದ್ದು 1857ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ನೌಕಾಪಡೆಯ ಅಕಾಡೆಮಿಯಲ್ಲಿ ಓದಿ, 1883ರಲ್ಲಿ ಎಡಿಸನ್ ಹತ್ರ ಕೆಲಸಕ್ಕೆ ಸೇರಿದರು. ಅವರ ಮನಸ್ಸೆಲ್ಲ ಮೋಟಾರಿನ ಮೇಲೆ. ಮರುವರ್ಷವೇ ಹೊರಬಂದು ಸ್ವಂತ ಕಂಪನಿ ಕಟ್ಟಿದರು.

1887ರಲ್ಲಿ ರಿಚ್ಮಂಡ್ ನಗರದ ಕಾಂಟ್ರ್ಯಾಕ್ಟ್ ಸಿಕ್ತು. 12 ಮೈಲಿ ಹಳಿ, 40 ಗಾಡಿ, ಪವರ್ ಹೌಸ್, ಎಲ್ಲಾ 90 ದಿನದಲ್ಲಿ! ಕೈಯಲ್ಲಿದ್ದದ್ದು ಬಹುಪಾಲು ಡ್ರಾಯಿಂಗ್ ಮಾತ್ರ. ನಡುವೆ ಸ್ಪ್ರೇಗ್‌ಗೆ ಟೈಫಾಯ್ಡ್ ಬಂತು. ಊರಿನ ಏರುಗಳೋ 10 ಪರ್ಸೆಂಟ್‌ವರೆಗೆ ಕಡಿದು. ಒಂದು ರಾತ್ರಿ ಟ್ರಯಲ್‌ನಲ್ಲಿ ಗಾಡಿ ಏರು ಹತ್ತಿತು, ಆಮೇಲೆ ಮೋಟಾರ್ ಕೈಕೊಟ್ಟಿತು. ಸುತ್ತ ಜನ ಸೇರಿದ್ರು. ಸ್ಪ್ರೇಗ್ ಉಪಕರಣ ತರಿಸುವುದಾಗಿ ಹೇಳಿ, ಜನ ಚದುರುವವರೆಗೆ ಸೀಟಿನ ಮೇಲೆ ಮಲಗಿಬಿಟ್ಟರು. ಬಂದ ಉಪಕರಣ ಅಂದ್ರೆ ನಾಲ್ಕು ಹೇಸರಗತ್ತೆ!

ಕೊನೆಗೆ 1888ರ ಫೆಬ್ರವರಿಯಲ್ಲಿ ಟ್ರಾಮ್ ಶುರುವಾಯ್ತು. ಆ ಕೆಲಸದಲ್ಲಿ ಕಂಪನಿಗೆ ದೊಡ್ಡ ನಷ್ಟ. ಆದ್ರೆ ಅದನ್ನು ನೋಡಿ ಊರೂರು ಕುದುರೆ ಬಿಟ್ಟು ಕರೆಂಟಿಗೆ ಬಂದವು.

ಗುಟ್ಟು ಮೋಟಾರ್ ಕೂರಿಸಿದ ರೀತಿಯಲ್ಲಿತ್ತು. ಒಂದು ಬದಿ ಆಕ್ಸಲ್ ಮೇಲೆ, ಇನ್ನೊಂದು ಬದಿ ಸ್ಪ್ರಿಂಗ್ ಮೂಲಕ ಫ್ರೇಮಿಗೆ. ಹಳಿ ಎಷ್ಟೇ ಕುಲುಕಿದ್ರೂ ಗೇರ್ ಹಲ್ಲು ತಪ್ಪಲ್ಲ. 1897ರಲ್ಲಿ ಇನ್ನೊಂದು ಐಡಿಯಾ: ಹಲವು ಬೋಗಿಗೆ ಮೋಟಾರ್ ಹಾಕಿ, ಎಲ್ಲವನ್ನೂ ಒಬ್ಬನೇ ಡ್ರೈವರ್ ನಡೆಸೋದು. ಮುಂಬೈ ಲೋಕಲ್, ನಮ್ಮ ಮೆಟ್ರೋ ಎರಡೂ ಈ ತತ್ವದವೇ.

1890ರಲ್ಲಿ ಎಡಿಸನ್ ಕಂಪನಿ ಅವರ ಕಂಪನಿಯನ್ನು ಕೊಂಡಿತು. ಯಂತ್ರಗಳ ಮೇಲಿದ್ದ ಸ್ಪ್ರೇಗ್ ಹೆಸರು ಅಳಿಸಿತು. ಆ ನೋವು ಅವರಿಗೆ ಕೊನೆವರೆಗೂ ಇತ್ತು. 1934ರಲ್ಲಿ ತೀರಿಕೊಂಡರು. ಹೆಸರು ಉಳಿಸೋಕೆ ಹೆಂಡತಿ ಹ್ಯಾರಿಯೆಟ್ ಓಡಾಡಿದರು. ಇವತ್ತು ಕನೆಕ್ಟಿಕಟ್‌ನ ಈಸ್ಟ್ ಹೇವನ್‌ನಲ್ಲಿರುವ ಟ್ರಾಲಿ ಮ್ಯೂಸಿಯಂನ ಒಂದು ಕಟ್ಟಡಕ್ಕೆ ಸ್ಪ್ರೇಗ್ ಹೆಸರಿದೆ. ಅಲ್ಲಿ ಸ್ವಯಂಸೇವಕರು ಹಳೇ ಟ್ರಾಮ್‌ಗಳನ್ನು ರಿಪೇರಿ ಮಾಡಿ ಈಗಲೂ ಓಡಿಸ್ತಾರೆ.

ನಮ್ಮಲ್ಲಿ ಗೂಡ್ಸ್ ಎಳೆಯೋ ಡಬ್ಲ್ಯುಎಜಿ-9 ಎಂಜಿನ್ನಿನ ಮೋಟಾರ್ ಕೂಡ ಇದೇ ರೀತಿ ಆಕ್ಸಲ್‌ಗೆ ಆತುಕೊಂಡಿರುತ್ತೆ. ಮುಂದಿನ ಸಲ ಪ್ಲಾಟ್‌ಫಾರ್ಮಿನಲ್ಲಿ ಗೂಡ್ಸ್ ಹಾದು ಹೋದಾಗ ಮೇಲಿನ ವೈರ್ ಅಷ್ಟೇ ಅಲ್ಲ, ಚಕ್ರದ ನಡುವೆಯೂ ಸ್ವಲ್ಪ ನೋಡೋಣ.