ಸೆರೆಮನೆಯ ಬಾಗಿಲಲ್ಲಿ ಕಾದು ನಿಂತ ಗುರು



ನಗರದ ಯಾವುದೋ ಗಲ್ಲಿಯಲ್ಲಿ ಹದಿಹರೆಯದ ಹುಡುಗರು ಚಾಕು ಹಿಡಿದು ಹೊಡೆದಾಡಿದರೆಂಬ ಸುದ್ದಿಯನ್ನು ಓದಿದಾಗ ನಾವು ಏನು ಮಾಡುತ್ತೇವೆ? ಹೆತ್ತವರು ಸರಿಯಾಗಿ ಬೆಳೆಸಲಿಲ್ಲ ಎನ್ನುತ್ತೇವೆ. ಪೊಲೀಸರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತೇವೆ. ಸಿನಿಮಾವನ್ನು ಬೈಯುತ್ತೇವೆ, ಸರ್ಕಾರವನ್ನು ಬೈಯುತ್ತೇವೆ. ಆಮೇಲೆ ಪತ್ರಿಕೆಯನ್ನು ಮಡಚಿಟ್ಟು ನಮ್ಮ ಕೆಲಸಕ್ಕೆ ಹೊರಡುತ್ತೇವೆ. ತಪ್ಪು ಯಾರದು ಎಂಬ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುತ್ತದೆ, ನಮ್ಮದೊಂದನ್ನು ಬಿಟ್ಟು.

ಇಂಥ ಹುಡುಗರ ನಡುವೆಯೇ ಬದುಕನ್ನು ಸವೆಸಿದ ಒಬ್ಬ ಗುರುವಿನ ಕತೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ನಿಮಗೆ ಹೊಸದಲ್ಲ. ಪ್ರತಿ ವರ್ಷ ಜನವರಿ 31ರಂದು ನಾವು ಸ್ಮರಿಸುವ ಸಂತ ಜಾನ್ ಬೋಸ್ಕೊ ಅವರೇ. ಅವರ ಹೆಸರಿನ ಶಾಲೆಗಳನ್ನು ನೀವು ಕಂಡಿದ್ದೀರಿ. ಚಿತ್ರಪಟದಲ್ಲಿ ಅವರ ಸುತ್ತ ನಿಂತ ಮಕ್ಕಳು ಶುಭ್ರವಾಗಿ, ನಗುಮುಖದಿಂದ ಇರುತ್ತಾರೆ. ಆದರೆ ಅವರ ಕಾಲದ ಸಭ್ಯ ಜನರಿಗೆ ಆ ಮಕ್ಕಳನ್ನು ಕಂಡರೆ ಭಯವಿತ್ತು.

ತಂದೆಯಿಲ್ಲದ ಮಗು

ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಬೆಕ್ಕಿ ಎಂಬ ಕುಗ್ರಾಮದಲ್ಲಿ 1815ರ ಆಗಸ್ಟ್ 16ರಂದು ಜಾನ್ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ಫ್ರಾನ್ಸಿಸ್ಕೊ ನ್ಯುಮೋನಿಯಾದಿಂದ ತೀರಿಕೊಂಡರು. ಅದು ಬರಗಾಲದ ಸಮಯ. ತಾಯಿ ಮಾರ್ಗರೀತಾ ಮೂರು ಗಂಡುಮಕ್ಕಳನ್ನೂ ಮುದಿ ಅತ್ತೆಯನ್ನೂ ಹೊಲದ ದುಡಿಮೆಯಿಂದಲೇ ಸಾಕಿದರು. ಮೊದಲ ಹೆಂಡತಿಯ ಮಗನಾದ ಅಣ್ಣ ಅಂತೋನಿಯೊಗೆ ತಮ್ಮನ ಓದು ಸಹಿಸದು. ಮನೆಯ ಜಗಳ ತಾರಕಕ್ಕೇರಿ, ಜಾನ್ ಹನ್ನೆರಡರ ವಯಸ್ಸಿನಲ್ಲೇ ಬೇರೆಯವರ ಹೊಲಮನೆಯಲ್ಲಿ ಆಳಾಗಿ ದುಡಿಯಬೇಕಾಯಿತು. ಮನೆ ಬಿಟ್ಟ ಹುಡುಗನ ಸಂಕಟವನ್ನು ಅವರು ಪುಸ್ತಕದಿಂದ ಕಲಿತದ್ದಲ್ಲ.

ಒಂಬತ್ತರ ವಯಸ್ಸಿನಲ್ಲಿ ಅವರಿಗೆ ಬಿದ್ದ ಕನಸು ಪ್ರಸಿದ್ಧವಾದುದು. ಅಂಗಳವೊಂದರಲ್ಲಿ ಹುಡುಗರ ದೊಡ್ಡ ಗುಂಪು. ಕೆಲವರು ಆಡುತ್ತಿದ್ದಾರೆ, ಹಲವರು ದೇವದೂಷಣೆಯ ಮಾತಾಡುತ್ತಿದ್ದಾರೆ. ಜಾನ್ ಗುಂಪಿನೊಳಕ್ಕೆ ನುಗ್ಗಿ ಮುಷ್ಟಿಯಿಂದ ಗುದ್ದತೊಡಗಿದ. ಆಗ ತೇಜಸ್ವಿಯಾದ ವ್ಯಕ್ತಿಯೊಬ್ಬರು ಅವನನ್ನು ತಡೆದು, ಇವರನ್ನು ಹೊಡೆತದಿಂದ ಗೆಲ್ಲಲಾಗದು, ಸೌಮ್ಯತೆಯಿಂದ ಮತ್ತು ಪ್ರೀತಿಯಿಂದ ಗೆಲ್ಲಬೇಕು ಎಂದು ತಿಳಿಸಿದರು. ಗಮನಿಸಿ, ಹಿಂಸೆಯನ್ನು ಹಿಂಸೆಯಿಂದಲೇ ನಿಲ್ಲಿಸಲು ಹೊರಟಿದ್ದ ಮೊದಲನೆಯವನು ಜಾನನೇ! ಈ ಪಾಠ ಅವರ ಇಡೀ ಬದುಕಿಗೆ ದಾರಿಯಾಯಿತು.

ನಗರದ ಮುಖ

1841ರ ಜೂನ್ 5ರಂದು ಟ್ಯೂರಿನ್ ನಗರದಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಅಂದಿನಿಂದ ಅವರು ಡಾನ್ ಬೋಸ್ಕೊ. ಅಲ್ಲಿ ಗುರುಗಳಿಗೆ ಸನ್ಮಾನದಿಂದ ಸೇರಿಸುವ ಮಾತು ಡಾನ್ ಎಂಬುದು.

ಆಗ ಟ್ಯೂರಿನ್ ವೇಗವಾಗಿ ಬೆಳೆಯುತ್ತಿತ್ತು. 1838ರಲ್ಲಿ ಸುಮಾರು 1 ಲಕ್ಷ 17 ಸಾವಿರದಷ್ಟಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ 1 ಲಕ್ಷ 37 ಸಾವಿರದ ಸಮೀಪಕ್ಕೆ ಬಂತು. ಬೆಟ್ಟದ ಊರುಗಳಿಂದ ಗಾರೆ ಕೆಲಸಕ್ಕೆ, ಹೊಗೆಗೂಡು ಗುಡಿಸಲು, ಮೂಟೆ ಹೊರಲು ಹುಡುಗರು ಬರುತ್ತಿದ್ದರು. ಪೊರ್ತಾ ಪಲಾತ್ಸೊ ಸಂತೆಯ ಸುತ್ತಮುತ್ತ ಕೂಲಿಗಾಗಿ ಕಾಯುತ್ತಿದ್ದರು. ಕೂಲಿ ಸಿಕ್ಕ ದಿನ ಹನ್ನೆರಡು ಗಂಟೆಗೂ ಮೀರಿದ ದುಡಿತ, ಸಿಗದ ದಿನ ಹಸಿವು. ಹಬ್ಬದ ದಿನಗಳಲ್ಲಿ ಮಾಡಲು ಕೆಲಸವಿಲ್ಲ, ಹೋಗಲು ಮನೆಯಿಲ್ಲ. ಅಂಥವರಿಗೆ ಗುಂಪೇ ಮನೆಯಾಗುತ್ತಿತ್ತು. ಒಂದು ಬಡಾವಣೆಯ ಗುಂಪಿಗೂ ಇನ್ನೊಂದು ಬಡಾವಣೆಯ ಗುಂಪಿಗೂ ಕಲ್ಲು, ದೊಣ್ಣೆ, ಚಾಕುಗಳ ಕಾಳಗ ನಡೆಯುತ್ತಿತ್ತು. ಕಲ್ಲು ತೂರಾಟದ ನಡುವೆಯೇ ಡಾನ್ ಬೋಸ್ಕೊ ನುಗ್ಗಿ ಜಗಳ ಬಿಡಿಸಿದ ಸಂಗತಿಗಳನ್ನು ಅವರ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ.

ಹೊಸ ಗುರುವಿಗೆ ಮಾರ್ಗದರ್ಶಕರಾಗಿದ್ದವರು ಇಂದು ಸಂತರೆನಿಸಿರುವ ಜೋಸೆಫ್ ಕಫಾಸ್ಸೊ. ಅವರು ಮರಣದಂಡನೆಗೆ ಗುರಿಯಾದವರ ಜೊತೆ ನೇಣುಗಂಬದವರೆಗೂ ನಡೆದುಹೋಗುತ್ತಿದ್ದ ಗುರು. ಅವರು ಡಾನ್ ಬೋಸ್ಕೊರನ್ನು ಸೆರೆಮನೆಗಳಿಗೆ ಕರೆದೊಯ್ದರು. ಅಲ್ಲಿ ಕಂಡದ್ದೇನು? ಹನ್ನೆರಡರಿಂದ ಹದಿನೆಂಟು ವಯಸ್ಸಿನ, ಗಟ್ಟಿಮುಟ್ಟಾದ, ಚುರುಕುಬುದ್ಧಿಯ ಹುಡುಗರು ಹೇನು ತಿಗಣೆಗಳ ನಡುವೆ ಕೆಲಸವಿಲ್ಲದೆ ಕೊಳೆಯುತ್ತಿದ್ದರು.

ಆದರೆ ಅವರ ಎದೆಯನ್ನು ಕಲಕಿದ್ದು ಇದಕ್ಕಿಂತ ದೊಡ್ಡ ಸಂಗತಿ. ಇನ್ನು ಮೇಲೆ ನೆಟ್ಟಗೆ ಬಾಳುತ್ತೇನೆಂದು ನಿರ್ಧರಿಸಿ ಬಿಡುಗಡೆಯಾಗಿ ಹೋದ ಹುಡುಗರು ಕೆಲವೇ ದಿನಗಳಲ್ಲಿ ಮತ್ತೆ ಅದೇ ಕೋಣೆಗೆ ಬರುತ್ತಿದ್ದರು. ನಿರ್ಧಾರ ಸುಳ್ಳಾಗಿತ್ತೇ? ಇಲ್ಲ. ಸೆರೆಮನೆಯ ಬಾಗಿಲು ತೆರೆದಾಗ ಹೊರಗೆ ಅವರಿಗಾಗಿ ಕಾದು ನಿಂತವರು ಯಾರೂ ಇರಲಿಲ್ಲ. ಊಟ, ಕೆಲಸ, ಮಲಗಲು ಜಾಗ, ಹೆಸರು ಹಿಡಿದು ಕರೆಯುವ ಒಬ್ಬ ಗೆಳೆಯ, ಇಷ್ಟು ಸಿಕ್ಕಿದ್ದರೆ ಇವರಲ್ಲಿ ಎಷ್ಟೋ ಮಂದಿ ಮರಳಿ ಬರುತ್ತಿರಲಿಲ್ಲ ಎಂದು ಡಾನ್ ಬೋಸ್ಕೊ ಮನಗಂಡರು.

ಒಂದು ಸೀಟಿಯಿಂದ ಆರಂಭ

1841ರ ಡಿಸೆಂಬರ್ 8, ಅಮಲೋದ್ಭವಿ ಮಾತೆಯ ಹಬ್ಬ. ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊ ಪೂಜೆಗೆ ಅಣಿಯಾಗುತ್ತಿದ್ದರು. ಒಬ್ಬ ಹುಡುಗ ಒಳಗೆ ಇಣುಕಿದ. ಪೂಜೆಗೆ ಸಹಾಯ ಮಾಡಲು ಬರುವುದಿಲ್ಲ ಎಂದ ತಪ್ಪಿಗೆ ದೇವಾಲಯದ ಸೇವಕ ಅವನನ್ನು ಕೋಲಿನಿಂದ ಹೊಡೆದು ಓಡಿಸಿದ. ದೇವರ ಮನೆಯಲ್ಲಿಯೂ ಅವನಿಗೆ ಸಿಕ್ಕಿದ್ದು ಪೆಟ್ಟೇ! ಡಾನ್ ಬೋಸ್ಕೊ ಅವನು ತಮ್ಮ ಗೆಳೆಯನೆಂದು ಹೇಳಿ ಮರಳಿ ಕರೆಸಿದರು.

ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ವಯಸ್ಸು ಹದಿನಾರು, ಅಪ್ಪ ಅಮ್ಮ ಇಬ್ಬರೂ ಇಲ್ಲ, ಓದುಬರಹ ಬಾರದು. ಹಾಡಲು ಬರುತ್ತದೆಯೇ ಎಂದರೆ ಅದೂ ಇಲ್ಲ. ಸೀಟಿ ಹೊಡೆಯಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕುಬಿಟ್ಟ. ಅಂದು ಒಂದು ನಮೋ ಮರಿಯಾ ಪ್ರಾರ್ಥನೆಯೊಂದಿಗೆ ಅವನ ಧರ್ಮೋಪದೇಶ ಆರಂಭವಾಯಿತು. ಮುಂದೆ ಅವನು ತನ್ನ ಗೆಳೆಯರನ್ನೂ ಕರೆತಂದ. ಆಟ, ಹಾಡು, ಪ್ರಾರ್ಥನೆ, ಪಾಠ ಎಲ್ಲವೂ ಸೇರಿದ ಆ ಭಾನುವಾರದ ಕೂಟಕ್ಕೆ ಒರಟರಿ ಎಂಬ ಹೆಸರಾಯಿತು.

ಭಾನುವಾರಕ್ಕಷ್ಟೇ ಅವರ ಕಾಳಜಿ ಮುಗಿಯಲಿಲ್ಲ. ವಾರದ ದಿನಗಳಲ್ಲಿ ಹುಡುಗರು ಗಾರೆ ಕಲಸುವ ಕಟ್ಟಡಗಳಿಗೆ, ದುಡಿಯುವ ಅಂಗಡಿಗಳಿಗೆ ತಾವೇ ಹೋಗಿ ಮಾತಾಡಿಸುತ್ತಿದ್ದರು. ಕೆಲಸ ಕಳೆದುಕೊಂಡವರಿಗೆ ಒಳ್ಳೆಯ ಯಜಮಾನರನ್ನು ಹುಡುಕುತ್ತಿದ್ದರು.

ಯಾರಿಗೂ ಬೇಡವಾದವರು

ನೂರಾರು ಒರಟು ಹುಡುಗರು ಸೇರುವ ಕೂಟವನ್ನು ಯಾರು ಸಹಿಸುತ್ತಾರೆ? ಗದ್ದಲವೆಂಬ ದೂರಿನಿಂದ ಒಂದೊಂದೇ ಜಾಗ ಕೈತಪ್ಪಿತು. ಸ್ಮಶಾನದ ಪ್ರಾರ್ಥನಾಲಯ, ಹಿಟ್ಟಿನ ಗಿರಣಿಗಳ ಬಳಿ, ಬಾಡಿಗೆ ಕೋಣೆ, ಕೊನೆಗೆ ಬಯಲು. ಎಲ್ಲ ಕಡೆಯಿಂದಲೂ ಹೊರದೂಡಿದರು. ನಗರದ ಪೊಲೀಸು ಆಡಳಿತ ನೋಡುತ್ತಿದ್ದ ಮಾರ್ಕ್ವಿಸ್ ಕಾವೂರ್ ಅವರಿಗೆ ಇದು ದಂಗೆಯ ಬೀಜವಾಗಿ ಕಂಡಿತು. ಅವರು ಕಾವಲುಗಾರರನ್ನು ಕಳುಹಿಸಿದರು. ಕೆಲವು ಗುರುಗಳು ಡಾನ್ ಬೋಸ್ಕೊಗೆ ಬುದ್ಧಿಭ್ರಮಣೆಯೆಂದು ಬಗೆದು ಹುಚ್ಚಾಸ್ಪತ್ರೆಗೆ ಸೇರಿಸಲೂ ಯತ್ನಿಸಿದರು.

ನಗರದ ಧರ್ಮಕೇಂದ್ರಗಳ ಗುರುಗಳ ಆಕ್ಷೇಪಣೆ ಇನ್ನೊಂದು ಬಗೆಯದು. ಈತ ಮಕ್ಕಳನ್ನು ಅವರವರ ಧರ್ಮಕೇಂದ್ರಗಳಿಂದ ಸೆಳೆದುಕೊಳ್ಳುತ್ತಿದ್ದಾನೆ ಎಂದರು. ಈ ಹುಡುಗರು ಪರಊರಿನವರು, ಅವರಿಗೆ ತಮ್ಮ ಧರ್ಮಕೇಂದ್ರ ಯಾವುದೆಂದೇ ಗೊತ್ತಿಲ್ಲ ಎಂಬುದು ಡಾನ್ ಬೋಸ್ಕೊ ಅವರ ವಿವರಣೆ. ಯಾವ ದಾಖಲೆಯಲ್ಲೂ ಹೆಸರಿಲ್ಲದ ಮಗು ಯಾರ ಹೊಣೆ? ಈ ಪ್ರಶ್ನೆ ಅಂದು ಟ್ಯೂರಿನ್‌ನ ಗುರುಗಳನ್ನು ಚುಚ್ಚಿತು. ಇಂದು ನಮ್ಮನ್ನೂ ಚುಚ್ಚಬೇಕು.

1846ರ ಏಪ್ರಿಲ್ 12, ಪಾಸ್ಖ ಹಬ್ಬದ ದಿನ, ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ಮನೆಗೆ ಹೊಂದಿಕೊಂಡ ಕೊಟ್ಟಿಗೆಯೊಂದರಲ್ಲಿ ಒರಟರಿಗೆ ನೆಲೆ ಸಿಕ್ಕಿತು. ಅದೇ ಜುಲೈನಲ್ಲಿ ದಣಿದ ಡಾನ್ ಬೋಸ್ಕೊ ಸಾವಿನ ದವಡೆಗೆ ಸಿಕ್ಕರು. ಕಲ್ಲು ಗಾರೆ ಹೊರುವ ಹುಡುಗರು ಉಪವಾಸವಿದ್ದು ಪ್ರಾರ್ಥಿಸಿದರು. ಚೇತರಿಸಿಕೊಂಡ ಮೇಲೆ ತಮ್ಮ ಬದುಕು ಇನ್ನು ಅವರದೇ ಎಂದು ಡಾನ್ ಬೋಸ್ಕೊ ಮಾತು ಕೊಟ್ಟರು.

ತಾಯಿಯ ಪಾಲು

ಅದೇ ವರ್ಷದ ನವೆಂಬರಿನಲ್ಲಿ ಮಗನ ಜೊತೆ ಕಾಲ್ನಡಿಗೆಯಲ್ಲೇ ಮಾರ್ಗರೀತಾ ನಗರಕ್ಕೆ ಬಂದರು. ಆಗ ಅವರಿಗೆ 58 ವರ್ಷ. ಮೊದಮೊದಲು ರಾತ್ರಿ ತಂಗಲು ಜಾಗ ಕೊಟ್ಟ ಹುಡುಗರು ಬೆಳಗಾಗುವಷ್ಟರಲ್ಲಿ ಕಂಬಳಿ ಕದ್ದು ಪರಾರಿಯಾಗಿದ್ದರು. ಆದರೂ ಬಾಗಿಲು ಮುಚ್ಚಲಿಲ್ಲ. 1847ರ ಮೇ ತಿಂಗಳಿನ ಒಂದು ಮಳೆಯ ರಾತ್ರಿ ಹದಿನೈದರ ಅನಾಥ ಹುಡುಗನೊಬ್ಬ ತೊಯ್ದು ಬಂದು ನಿಂತ. ಮಾರ್ಗರೀತಾ ಸೂಪು ಕೊಟ್ಟು, ಇಟ್ಟಿಗೆ ಹಲಗೆಗಳ ಮೇಲೆ ಹಾಸಿಗೆ ಹಾಸಿ, ಮಲಗುವ ಮುನ್ನ ನಾಲ್ಕು ಒಳ್ಳೆಯ ಮಾತು ಹೇಳಿದರು. ಅವನೇ ಆ ಮನೆಯ ಮೊದಲ ಮಗ. ಮುಂದೆ ಅಂಥವರು ನೂರಾರಾದರು.

ಒಮ್ಮೆ ಹುಡುಗರು ಯುದ್ಧದಾಟ ಆಡುತ್ತಾ ಅವರ ತರಕಾರಿ ಪಾತಿಯನ್ನೆಲ್ಲ ತುಳಿದು ಹಾಕಿದರು. ಬೇಸತ್ತ ಮಾರ್ಗರೀತಾ ಊರಿಗೆ ಹೋಗುತ್ತೇನೆ ಎಂದರು. ಮಗ ಗೋಡೆಯ ಮೇಲಿನ ಶಿಲುಬೆಯತ್ತ ಬೆರಳು ತೋರಿಸಿದಾಗ ಮತ್ತೆ ಸೌಟು ಹಿಡಿದರು. 1856ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಮಕ್ಕಳ ಅಮ್ಮನಾಗಿಯೇ ಉಳಿದರು.

ಕಾಗದದ ಮೇಲಿನ ನ್ಯಾಯ

ಪ್ರೀತಿಯೊಂದೇ ಸಾಕೆಂದು ಡಾನ್ ಬೋಸ್ಕೊ ಭಾವಿಸಲಿಲ್ಲ. 1852ರ ಫೆಬ್ರುವರಿಯಲ್ಲಿ ಒಬ್ಬ ಹುಡುಗನನ್ನು ಬಡಗಿಯ ಬಳಿ ಕಸುಬು ಕಲಿಯಲು ಸೇರಿಸುವಾಗ ಛಾಪಾಕಾಗದದ ಮೇಲೆ ಕರಾರು ಬರೆಸಿದರು. ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಬಾರದು, ತಪ್ಪನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಯೆತ್ತಬಾರದು, ಹಬ್ಬದ ದಿನ ಬಿಡುವು ಕೊಡಬೇಕು. ಯಜಮಾನ ಸಹಿ ಮಾಡಿದ, ಹುಡುಗ ಸಹಿ ಮಾಡಿದ, ಡಾನ್ ಬೋಸ್ಕೊ ತಾವೂ ಸಹಿ ಮಾಡಿದರು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆಯಲ್ಲಿ ದುಡಿಸಬಾರದೆಂಬ ಕಾನೂನು ಇಟಲಿಯಲ್ಲಿ ಬಂದದ್ದು 1886ರಲ್ಲಿ. ಅಂದರೆ ಸರ್ಕಾರ ಕಣ್ಣು ತೆರೆಯಲು ಇನ್ನೂ 34 ವರ್ಷ ಬೇಕಾಯಿತು. 1853ರಿಂದ ತಮ್ಮ ಮನೆಯಲ್ಲೇ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ ಕಾರ್ಯಾಗಾರಗಳನ್ನೂ ಮುಂದೆ ಮುದ್ರಣಾಲಯವನ್ನೂ ತೆರೆದರು.

1857ರ ಶರತ್ಕಾಲದಲ್ಲಿ ಕಾರ್ಮಾಞೊಲಾ ರೈಲು ನಿಲ್ದಾಣದಲ್ಲಿ ಅವರು ಕಂಡ ಮಿಕೆಲೆ ಮಗೋನೆ ಎಂಬ ಬಾಲಕ ತುಂಟರ ದಂಡಿನ ಸೇನಾಪತಿ. ತಂದೆ ಸತ್ತಿದ್ದರು, ತಾಯಿ ದುಡಿಯಲು ಹೋಗುತ್ತಿದ್ದರು. ಮುಂದಾಳುತನದ ಗುಣ ಅವನಲ್ಲಿ ತುಂಬಿತ್ತು, ಅದಕ್ಕೆ ದಾರಿ ತೋರಿಸುವವರು ಇರಲಿಲ್ಲ. ಡಾನ್ ಬೋಸ್ಕೊ ಅವನನ್ನು ವಾಲ್ದೊಕ್ಕೊಗೆ ಸೇರಿಸಿಕೊಂಡರು. ಅಲ್ಲಿ ಅವನು ಕಿರಿಯರಿಗೆ ನೆರವಾಗುವ ಹುಡುಗನಾದ. 1859ರ ಜನವರಿಯಲ್ಲಿ, ಕೇವಲ ಹದಿಮೂರರಲ್ಲಿ, ಕಾಯಿಲೆಯಿಂದ ಕಣ್ಣುಮುಚ್ಚಿದ. ಅವನ ಜೀವನವನ್ನು ಡಾನ್ ಬೋಸ್ಕೊ ತಾವೇ ಬರೆದು 1861ರಲ್ಲಿ ಪ್ರಕಟಿಸಿದರು.

ಹೊಣೆ ಯಾರದು?

1859ರಲ್ಲಿ ಅವರು ಸಲೇಸಿಯನ್ ಸಭೆಯನ್ನು ಸ್ಥಾಪಿಸಿದರು. 1872ರಲ್ಲಿ ಸಂತ ಮರಿಯ ಮಜ್ಜರೆಲ್ಲೊ ಅವರ ಜೊತೆ ಹೆಣ್ಣುಮಕ್ಕಳಿಗಾಗಿ ಧರ್ಮಭಗಿನಿಯರ ಸಭೆಯೂ ಹುಟ್ಟಿತು. 1877ರಲ್ಲಿ ತಮ್ಮ ಶಿಕ್ಷಣಪದ್ಧತಿಯನ್ನು ಬರೆದಿಟ್ಟರು. ತಪ್ಪು ಮಾಡಲಿ ಎಂದು ಕಾದು ಶಿಕ್ಷಿಸುವುದು ಒಂದು ದಾರಿ. ತಪ್ಪಿಗೆ ಮುಂಚೆಯೇ ಜೊತೆಯಲ್ಲಿ ನಿಲ್ಲುವುದು ಇನ್ನೊಂದು ದಾರಿ. ಎರಡನೆಯದಕ್ಕೆ ವಿವೇಕ, ವಿಶ್ವಾಸ, ವಾತ್ಸಲ್ಯ ಎಂಬ ಮೂರು ಕಂಬಗಳು ಬೇಕು.

ಓದುಗರೇ, ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸೋಣ. ಹಿಂಸೆಗೆ ಕಾರಣ ಯಾರು ಎಂಬುದು ಒಂದು. ಅದನ್ನು ನೀಗಿಸುವ ಹೊಣೆ ಯಾರದು ಎಂಬುದು ಇನ್ನೊಂದು. ಟ್ಯೂರಿನ್‌ನ ಹುಡುಗರ ಬಡತನಕ್ಕೆ ಡಾನ್ ಬೋಸ್ಕೊ ಕಾರಣರಲ್ಲ. ಆದರೂ ಹೊಣೆ ಹೊತ್ತರು. ಚಾಕು ಹಿಡಿದವನಿಗೆ ತನ್ನ ಕೈಯ ಕೃತ್ಯದ ಹೊಣೆಯಿದ್ದೇ ಇದೆ. ಅದನ್ನು ಅವರು ಅಲ್ಲಗಳೆಯಲಿಲ್ಲ, ಅದಕ್ಕಾಗಿಯೇ ಪಾಪನಿವೇದನೆಗೆ ಅಷ್ಟು ಮಹತ್ವ ಕೊಟ್ಟರು. ಕಾನೂನು ಸರ್ಕಾರದ ಹೊಣೆ, ನ್ಯಾಯವಾದ ಕೂಲಿ ಯಜಮಾನನ ಹೊಣೆ, ಮಡಿಲು ಕುಟುಂಬದ ಹೊಣೆ. ಡಾನ್ ಬೋಸ್ಕೊ ತೀರಿಕೊಂಡ ಮೂರು ವರ್ಷಕ್ಕೆ, 1891ರಲ್ಲಿ, ಹದಿಮೂರನೆಯ ಲಿಯೊ ಜಗದ್ಗುರುಗಳು ಕಾರ್ಮಿಕರ ಕುರಿತ ವಿಶ್ವಪತ್ರದಲ್ಲಿ ಸರ್ಕಾರ, ಯಜಮಾನ, ಧರ್ಮಸಭೆ ಇವರೆಲ್ಲರ ಕರ್ತವ್ಯಗಳನ್ನೂ ವಿವರಿಸಿದರು. ಆದರೆ ಎಲ್ಲರೂ ತಮ್ಮ ಪಾಲನ್ನು ಮಾಡುವವರೆಗೆ ಮಗು ಕಾಯಲಾರದು. ಹತ್ತಿರ ನಿಂತವನೇ ಮೊದಲು ಕೈ ಚಾಚಬೇಕು. ತಮ್ಮನನ್ನು ಕೊಂದ ಕಾಯಿನ ದೇವರ ಮುಂದೆ ತಳ್ಳಿಹಾಕಿದ್ದು ಇದೇ ಹೊಣೆಯನ್ನು.

ಡಾನ್ ಬೋಸ್ಕೊ ಟ್ಯೂರಿನ್‌ನ ಹಿಂಸೆಯನ್ನೆಲ್ಲ ಅಳಿಸಲಿಲ್ಲ. ಅವರ ಬಳಿ ಬಂದ ಎಲ್ಲರೂ ತಿದ್ದಿಕೊಳ್ಳಲಿಲ್ಲ. ಬಿಟ್ಟುಹೋದವರೂ ಇದ್ದರು. ಕೊನೆಯ ವರ್ಷಗಳಲ್ಲಿ ಫ್ರಾನ್ಸ್, ಸ್ಪೇನ್ ದೇಶಗಳ ಸಿರಿವಂತರ ಮುಂದೆ ಜೋಳಿಗೆ ಹಿಡಿದು ನಿಂತರು. ಬೀದಿಯ ಮಕ್ಕಳನ್ನು ಈಗ ಕೈಬಿಟ್ಟರೆ ಇಂದು ಬೇಡುವ ಕೈಯೇ ನಾಳೆ ಆಯುಧ ಹಿಡಿದೀತೆಂದು ಎಚ್ಚರಿಸಿದರು. 1888ರ ಜನವರಿ 31ರ ನಸುಕಿನಲ್ಲಿ ವಾಲ್ದೊಕ್ಕೊದಲ್ಲೇ ಪ್ರಾಣಬಿಟ್ಟರು. 1934ರ ಪಾಸ್ಖ ಹಬ್ಬದಂದು ಧರ್ಮಸಭೆ ಅವರನ್ನು ಸಂತರೆಂದು ಸಾರಿತು.

ಅವರ ಮಕ್ಕಳು 1906ರಲ್ಲಿ ತಂಜಾವೂರಿಗೆ ಬಂದರು. ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ಬೆಂಗಳೂರು ಓಣಿಯವರ ಸೇವಾ ಕೂಟ, ಮನೆ ಬಿಟ್ಟು ರೈಲು, ಬಸ್ಸು ನಿಲ್ದಾಣಗಳಲ್ಲಿ ಇಳಿಯುವ ಮಕ್ಕಳಿಗಾಗಿ ದುಡಿಯುತ್ತಾ ಬಂದಿದೆ. ಪೊರ್ತಾ ಪಲಾತ್ಸೊದ ಸಂತೆ ನಮ್ಮ ನಗರಗಳಲ್ಲಿಯೂ ಇದೆಯಲ್ಲವೇ?

ನಿಮ್ಮ ಧರ್ಮಕೇಂದ್ರದ ಎಲ್ಲೆಯೊಳಗೆ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಶಾಲೆ ಬಿಟ್ಟು ಬೀದಿಯ ತುದಿಯಲ್ಲಿ ನಿಲ್ಲುವ ಹುಡುಗರಿದ್ದಾರೆ. ಯಾವ ದಾಖಲೆಯಲ್ಲೂ ಅವರ ಹೆಸರು ಇರಲಿಕ್ಕಿಲ್ಲ. ಈ ಭಾನುವಾರ ಪೂಜೆ ಮುಗಿಸಿ ಬರುವಾಗ ಅವರಲ್ಲಿ ಒಬ್ಬನ ಹೆಸರನ್ನಾದರೂ ಕೇಳಿ ತಿಳಿದುಕೊಳ್ಳಿ. ಮರುವಾರ ಆ ಹೆಸರು ಹಿಡಿದು ಅವನನ್ನು ಮಾತಾಡಿಸಿ. ಸಂತ ಜಾನ್ ಬೋಸ್ಕೊ ನಮಗಾಗಿ ಪ್ರಾರ್ಥಿಸಲಿ.