ಓಲ್ಡನ್‌ಬರ್ಗನೂ ವಿದ್ವತ್ಪತ್ರಿಕೆಯ ಪೋಷಣೆಯೂ

ವಿದ್ವತ್ಪತ್ರಿಕೆಗಳ ವೆಚ್ಚವನ್ನು ಯಾರು ವಹಿಸಬೇಕೆಂಬ ಚರ್ಚೆಯು ವಿದ್ಯಾಕೇಂದ್ರಗಳಲ್ಲಿ ನಡೆದೇ ಇರುವುದು. ಓದುವವನಿಂದ ಚಂದಾ ಕೇಳುವ ಪತ್ರಿಕೆಗಳುಂಟು. ಬರೆಯುವವನಿಂದಲೇ ಶುಲ್ಕ ಪಡೆಯುವ ಪತ್ರಿಕೆಗಳೂ ಉಂಟು. ಇಬ್ಬರಿಂದಲೂ ಏನನ್ನೂ ಬೇಡದ ಪತ್ರಿಕೆಯು ಹೇಗೆ ಬದುಕೀತೆಂದು ಕೇಳುವವರು ಹೆನ್ರಿ ಓಲ್ಡನ್‌ಬರ್ಗನ ಜೀವಿತವನ್ನು ಅವಲೋಕಿಸಬೇಕೆಂದು ನಾವು ಬಿನ್ನವಿಸುವೆವು.

ಜರ್ಮನಿಯ ಬ್ರೆಮೆನ್ ನಗರದಲ್ಲಿ ಜನಿಸಿದ ಈತನು 1653ರಲ್ಲಿ ಆ ನಗರದ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಬಂದನು. ಮುಂದೆ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿ ಯೂರೋಪಿನ ಪಂಡಿತರೊಡನೆ ಪತ್ರವ್ಯವಹಾರ ನಡೆಸತೊಡಗಿದನು. ಈ ಕಾರ್ಯಕ್ಕೆ 1669ರವರೆಗೆ ನಿಯತವಾದ ವೇತನವೇ ಇರಲಿಲ್ಲ. ಅಂಚೆಯ ವೆಚ್ಚವೂ ಅಲ್ಪವಲ್ಲ. ಆದುದರಿಂದ ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ, ಗ್ರುಬೆಂಡಾಲ್ ಎಂಬ ಕಲ್ಪಿತ ಹೆಸರಿಗೆ ಪತ್ರಗಳನ್ನು ತರಿಸಿಕೊಳ್ಳುತ್ತಿದ್ದನು. ಅವುಗಳ ಅಂಚೆಹಣವನ್ನು ಸರಕಾರದ ಕಚೇರಿಯು ತೆರುತ್ತಿದ್ದಿತು. ಪ್ರತಿಯಾಗಿ ಈತನು ಪರದೇಶಗಳ ರಾಜಕೀಯ ವರ್ತಮಾನವನ್ನು ಆ ಕಚೇರಿಗೆ ಒದಗಿಸುತ್ತಿದ್ದನು.

1665ರ ಮಾರ್ಚ್ 6ರಂದು ಈತನು 16 ಪುಟಗಳ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಪತ್ರಿಕೆಯನ್ನು ಹೊರಡಿಸಿದನು. ಸೊಸೈಟಿಯು ಅನುಮತಿಯನ್ನಿತ್ತಿತೇ ಹೊರತು ಲಾಭನಷ್ಟಗಳೆಲ್ಲ ಈತನವೇ ಆಗಿದ್ದವು. ಲೇಖಕರು ಏನನ್ನೂ ತೆರಬೇಕಾಗಿರಲಿಲ್ಲ. ಮಾರಾಟದಿಂದ ವರ್ಷಕ್ಕೆ 150 ಪೌಂಡುಗಳಾದರೂ ಬಂದೀತೆಂಬುದು ಈತನ ಆಶೆಯಾಗಿದ್ದಿತು. ಬಂದುದಾದರೋ 40 ಪೌಂಡುಗಳನ್ನು ಮೀರಲಿಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಪ್ಲೇಗು ಹಬ್ಬಿದುದರಿಂದ ಮುದ್ರಣವು ಆಕ್ಸ್‌ಫರ್ಡಿಗೆ ಸಾಗಬೇಕಾಯಿತು. 1666ರ ಅಗ್ನಿಪ್ರಳಯವು ಪುಸ್ತಕ ವ್ಯಾಪಾರಿಗಳ ಸರಕನ್ನು ಭಸ್ಮ ಮಾಡಿತು. 1667ರಲ್ಲಿ ಡಚ್ಚರೊಡನೆ ಯುದ್ಧ ನಡೆದಿರುವಾಗ, ಪರದೇಶದ ಪತ್ರವ್ಯವಹಾರವೇ ಸಂಶಯಕ್ಕೆ ಎಡೆಗೊಟ್ಟು, ಈತನು ಸುಮಾರು ಎರಡು ತಿಂಗಳು ಲಂಡನ್ ಗೋಪುರದ ಸೆರೆಯಲ್ಲಿರಬೇಕಾಯಿತು. ಬಿಡುಗಡೆ ಹೊಂದಿದೊಡನೆ ಮರಳಿ ಲೇಖನಿಯನ್ನು ಹಿಡಿದನು.

ಆ ಶ್ರಮದ ಫಲವೇನು? ಬಿಳಿಯ ಬೆಳಕಿನಲ್ಲಿ ಹಲವು ಬಣ್ಣಗಳು ಅಡಗಿರುವುವೆಂಬ ನ್ಯೂಟನ್ನನ ಲೇಖನವು 1672ರಲ್ಲಿ ಇಲ್ಲಿಯೇ ಬೆಳಕು ಕಂಡಿತು. ಡೆಲ್ಫ್ಟ್ ನಗರದ ಜವಳಿ ವ್ಯಾಪಾರಿ ಲೀವೆನ್‌ಹುಕ್ಕನು ಲ್ಯಾಟಿನ್ ಭಾಷೆಯನ್ನು ಅರಿತವನಲ್ಲ. ಆದರೂ ಆತನು ಸೂಕ್ಷ್ಮದರ್ಶಕದಲ್ಲಿ ಕಂಡುದು 1673ರಿಂದ ಇದೇ ಪುಟಗಳ ಮೂಲಕ ಲೋಕಕ್ಕೆ ತಿಳಿಯಿತು. ಶುಲ್ಕವನ್ನಾಗಲಿ ಪದವಿಯನ್ನಾಗಲಿ ಕೇಳಿದ್ದರೆ ಆ ವ್ಯಾಪಾರಿಯ ಪತ್ರಗಳು ಪೆಟ್ಟಿಗೆಯಲ್ಲಿಯೇ ಉಳಿದುಹೋಗುತ್ತಿದ್ದವೋ ಏನೋ!

136 ಸಂಚಿಕೆಗಳನ್ನು ಹೊರಡಿಸಿ ಓಲ್ಡನ್‌ಬರ್ಗನು 1677ರ ಸೆಪ್ಟೆಂಬರಿನಲ್ಲಿ ಕಾಲವಾದನು. ಎರಡು ವರ್ಷಗಳೊಳಗಾಗಿ ಪತ್ರಿಕೆಯೂ ನಿಂತಿತು. ಮತ್ತೆ ತಲೆಯೆತ್ತಲು 1683ನೆಯ ವರ್ಷವೇ ಬರಬೇಕಾಯಿತು. ಕೊನೆಗೆ 1752ರಲ್ಲಿ ಸೊಸೈಟಿಯು ವೆಚ್ಚವನ್ನೆಲ್ಲ ತಾನೇ ವಹಿಸಿಕೊಂಡಿತು. 2011ರಲ್ಲಿ 70 ವರ್ಷಗಳಿಗೆ ಹಿಂದಿನ ಲೇಖನಗಳನ್ನೆಲ್ಲ ಯಾರಾದರೂ ಬೆಲೆಯಿಲ್ಲದೆ ಓದುವಂತೆ ತೆರೆದಿಟ್ಟಿತು.

ಲೇಖಕನಿಗೂ ವಾಚಕನಿಗೂ ಉಚಿತವಾದ ಪತ್ರಿಕೆಯು ವೆಚ್ಚವಿಲ್ಲದ ಪತ್ರಿಕೆಯಲ್ಲ. ಆ ವೆಚ್ಚವನ್ನು ಒಬ್ಬ ಸಂಪಾದಕನ ಹೆಗಲಿನ ಮೇಲೆ ಹೊರಿಸಿದರೆ ಆತನೊಡನೆಯೇ ಪತ್ರಿಕೆಯೂ ಮಲಗುವುದು. ವಿಶ್ವವಿದ್ಯಾಲಯಗಳೂ ಸರಕಾರಗಳೂ ಉದಾರಿಗಳಾದ ಧನಿಕರೂ ಶಾಶ್ವತ ನಿಧಿಯನ್ನು ಏರ್ಪಡಿಸಿ ಈ ಭಾರವನ್ನು ಹಂಚಿಕೊಳ್ಳುವುದೇ ಸರಿಯಾದ ಮಾರ್ಗವೆಂದು ನಾವು ಭಾವಿಸುವೆವು. ಸಂಪಾದಕನು ತೀರಿಕೊಂಡ ಮೇಲೆ ಆಡುವ ಹೊಗಳಿಕೆಯ ನುಡಿಗಳಿಂದ ಮುದ್ರಣಾಲಯದ ಸಾಲ ತೀರಲಾರದು.